ಬೂದಿಯಲ್ಲಿ ಹೂತ ಅಡುಗೆ

ಮೊರಾಕೊದ ಅಡುಗೆಯನ್ನು ಹೊಗಳುವವರು ಮಸಾಲೆಯಿಂದಲೇ ಶುರು ಮಾಡುತ್ತಾರೆ. ಹತ್ತಾರು ಸಾಮಾನು ಕುಟ್ಟಿ ಬೆರೆಸಿದ 'ರಾಸ್ ಎಲ್ ಹನೂತ್' ಪುಡಿಗೆ ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಕೇಸರಿ ಮೊರಾಕೊದ ತಾಲಿವಿನ್ ಸೀಮೆಯಲ್ಲೇ ಬೆಳೆದರೂ ಚಕ್ಕೆ, ಮೆಣಸು, ಶುಂಠಿ ದೂರದಿಂದ ಬಂದವು. ಟೊಮೆಟೊ ಅಮೆರಿಕ ಖಂಡದ್ದು. ಪುದೀನ ಹಾಕಿ ಕುಡಿಯುವ ಚಹಾ ಚೀನಾದ್ದು. ಈ ಅಡುಗೆಯ ಸ್ವಂತಿಕೆಯನ್ನು ಡಬ್ಬಿಗಳಲ್ಲಿ ಹುಡುಕುವ ಬದಲು ಒಲೆಯಲ್ಲಿ ಹುಡುಕಬೇಕು.

ಮರಾಕೆಶ್ ನಗರದ ತಂಜಿಯಾವನ್ನೇ ನೋಡಿ. ಹೂಜಿಯಂಥ ಮಣ್ಣಿನ ಪಾತ್ರೆಗೆ ಮಾಂಸ, ಉಪ್ಪಿನಲ್ಲಿ ಕಳಿತ ನಿಂಬೆ, ಬೆಳ್ಳುಳ್ಳಿ, ಜೀರಿಗೆ, ಕೇಸರಿ, 'ಸ್ಮೆನ್' ಎಂಬ ಘಾಟುವಾಸನೆಯ ಹಳೆಯ ಬೆಣ್ಣೆ ತುಂಬಿ, ಬಾಯಿಗೆ ಕಾಗದ ಮುಚ್ಚಿ ದಾರ ಬಿಗಿಯುತ್ತಾರೆ. ಪಾತ್ರೆ ಮನೆಯ ಒಲೆ ಏರುವುದಿಲ್ಲ. ಹಮ್ಮಾಮಿಗೆ, ಅಂದರೆ ಕೇರಿಯ ಸ್ನಾನಗೃಹಕ್ಕೆ ಹೋಗುತ್ತದೆ. ಅಲ್ಲಿ ನೀರು ಕಾಯಿಸುವವನು ಅದನ್ನು ಬಿಸಿಬೂದಿಯಲ್ಲಿ ಹೂತು ಗಂಟೆಗಟ್ಟಲೆ ಬಿಡುತ್ತಾನೆ. ಬಚ್ಚಲೊಲೆಯ ಬೂದಿಯಲ್ಲಿ ಗೆಣಸು ಸುಟ್ಟು ತಿಂದವರಿಗೆ ಇದರ ಜಾಣತನವನ್ನು ಬಿಡಿಸಿ ಹೇಳಬೇಕಿಲ್ಲ. ಇದು ಪೇಟೆಯ ಕಸುಬುದಾರ ಗಂಡಸರ ಅಡುಗೆ. ಬೆಳಿಗ್ಗೆ ಪಾತ್ರೆ ಕೊಟ್ಟು ಕೆಲಸಕ್ಕೆ ಹೋದರೆ ಮತ್ತೆ ತಿರುಗಿ ನೋಡಬೇಕಿಲ್ಲ. ಮನೆಯಲ್ಲಿ ನಾದಿದ ರೊಟ್ಟಿಯ ಹಿಟ್ಟನ್ನು ಹಲಗೆಯ ಮೇಲಿಟ್ಟು ಕೇರಿಯ 'ಫರ್ರಾನ್' ಗೂಡಿಗೆ ಕಳಿಸುವುದೂ ಇದೇ ಬುದ್ಧಿ. ಸಬ್ಬತ್ ಎಂಬ ವಿಶ್ರಾಂತಿಯ ದಿನ ಬೆಂಕಿ ಹೊತ್ತಿಸದ ಅಲ್ಲಿನ ಯಹೂದ್ಯರು ಶುಕ್ರವಾರವೇ 'ಸ್ಖೀನಾ' ಎಂಬ ಅಡುಗೆಯ ಪಾತ್ರೆಯನ್ನು ಸಣ್ಣ ಕಾವಿಗೆ ಒಪ್ಪಿಸುತ್ತಿದ್ದರು. ಶುಕ್ರವಾರದ ಕುಸ್ಕುಸ್ ಮನೆಯೊಳಗೇ ಬೇಯುತ್ತದೆ, ಆದರೆ ಅಲ್ಲೂ ಒಂದೇ ಉರಿಗೆ ಎರಡು ಕೆಲಸ: ಕೆಳಗೆ ತರಕಾರಿ, ಮಾಂಸ ಕುದಿಯುತ್ತಿದ್ದರೆ, ಮೇಲಿನ ತೂತುಪಾತ್ರೆಯಲ್ಲಿ ರವೆ ಅದರ ಹಬೆ ಕುಡಿಯುತ್ತದೆ. ರವೆಯನ್ನು ಇಳಿಸಿ, ನೀರು ಚಿಮುಕಿಸಿ, ಗಂಟು ಬಿಡಿಸಿ ಮತ್ತೆ ಏರಿಸುವುದು ಎರಡು ಮೂರು ಸಲ. ಕುಸ್ಕುಸ್ ಮೊರಾಕೊ ಒಂದರದೇ ಅಲ್ಲ, ನಿಜ; 2020ರಲ್ಲಿ ಯುನೆಸ್ಕೊ ಅದನ್ನು ಅಲ್ಜೀರಿಯ, ಟ್ಯುನೀಸಿಯ, ಮಾರಿಟೇನಿಯಗಳದ್ದೂ ಎಂದು ಸೇರಿಸಿಯೇ ಪರಂಪರೆಯ ಪಟ್ಟಿಗೆ ಹಾಕಿತು.

ಇದೆಲ್ಲ ಸೌದೆ ಉಳಿಸುವ ಉಪಾಯ, ಇದರಲ್ಲಿ ಪಾಕಕಲೆ ಎಲ್ಲಿ ಎಂದು ಕೇಳಬಹುದು. ಫೆಸ್ ನಗರದ ಪಾರಿವಾಳದ ಮಾಂಸ, ಬಾದಾಮಿ, ಸಕ್ಕರೆಯ 'ಪಸ್ತಿಲಾ' ಖಂಡಿತ ಉಳಿತಾಯದ ತಿನಿಸಲ್ಲ. ಆದರೆ ಕೇಸರಿ ಹಾಕಿದ ತಂಜಿಯಾ ಕೂಡ ಬಡವರ ದಿನನಿತ್ಯದ ಊಟವಲ್ಲ. ನಿಧಾನದ ಕಾವನ್ನು ಅಲ್ಲಿ ಆರಿಸಿಕೊಂಡಿರುವುದು ರುಚಿಗಾಗಿ. ಪ್ರೆಷರ್ ಕುಕ್ಕರ್ ಬಂದಿದೆಯಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಕುಕ್ಕರ್ ಮಾಂಸವನ್ನು ಬೇಗ ಮೆತ್ತಗೆ ಮಾಡುತ್ತದೆ, ಮಸಾಲೆಯೂ ಅದೇ ಇರುತ್ತದೆ, ಆದರೆ ಕೇರಿಯ ಒಲೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆ ಒಲೆ ಆರಿದ್ದೂ ಉಂಟು: 2024ರ ಬರದಲ್ಲಿ ನೀರು ಉಳಿಸಲೆಂದು ಕಾಸಾಬ್ಲಾಂಕಾ ಸೇರಿ ಹಲವು ನಗರಗಳ ಹಮ್ಮಾಮುಗಳನ್ನು ವಾರಕ್ಕೆ ಮೂರು ದಿನ ಮುಚ್ಚಿಸಿದ್ದರು. ನೀರು ಕಾಯದ ದಿನ ಬೂದಿಯೂ ಕಾಯುವುದಿಲ್ಲ.