ಸ್ಟೇರಿಂಗ್ ತಿರುಗುವ ಮುನ್ನ: ಗುಡ್ಡದ ತಿರುವಿನ ಕತೆ

ಕಾಸರಗೋಡು ಜಿಲ್ಲೆಯ ಒಳನಾಡಿನ ರಸ್ತೆಗಳು ಮುರಕಲ್ಲಿನ ಗುಡ್ಡ ಹತ್ತಿ, ಹೊಳೆಯ ಕಡೆಗೆ ಇಳಿದು, ಮತ್ತೆ ಗುಡ್ಡ ಹತ್ತುವಂಥವು. ಚೆರ್ಕಳದಿಂದ ಮುಳ್ಳೇರಿಯ, ಆದೂರಾಗಿ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲೂ ಸುಳ್ಯದಿಂದ ಪಾಣತ್ತೂರಿಗೆ ಇಳಿಯುವ ದಾರಿಯಲ್ಲೂ ತಿರುವಿಗೆ ಬರವಿಲ್ಲ. ಒಂದು ಬದಿ ಕಡಿದ ಬರೆ, ಇನ್ನೊಂದು ಬದಿ ತೋಟದ ತಗ್ಗು. 2021ರ ಜನವರಿ 3ರಂದು ಪುತ್ತೂರು ತಾಲೂಕಿನ ಈಶ್ವರಮಂಗಲದಿಂದ ಕರಿಕೆಯತ್ತ ಹೊರಟಿದ್ದ ಮದುವೆ ದಿಬ್ಬಣದ ಬಸ್ಸು ಪಾಣತ್ತೂರಿನ ಬಳಿ ಇಳಿಜಾರಿನ ತಿರುವಿನಲ್ಲಿ ಹತೋಟಿ ತಪ್ಪಿ, ರಸ್ತೆ ಪಕ್ಕದ ಮನೆಯ ಮೇಲೆ ಉರುಳಿತು. ಏಳು ಮಂದಿ ಸತ್ತರು.

ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗಬೇಕು. ಅದಕ್ಕೆ ತಕ್ಕ ಜೋಡಣೆಯನ್ನು ಕುದುರೆ ಸಾರೋಟಿಗಾಗಿ 1817ರಲ್ಲಿ ರೂಪಿಸಿದವರು ಮ್ಯೂನಿಕ್‌ನ ಲ್ಯಾಂಕೆನ್‌ಸ್ಪರ್ಗರ್. ಮರುವರ್ಷ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ ಹೆಸರೇ ಅದಕ್ಕೆ ಉಳಿಯಿತು. ಆದರೆ ಸ್ಟೇರಿಂಗ್ ದಿಕ್ಕು ತೋರಿಸುತ್ತದೆ ಅಷ್ಟೆ. ವಾಹನವನ್ನು ತಿರುಗಿಸುವುದು ಟೈರಿನ ಹಿಡಿತ. ವೇಗ ಇಮ್ಮಡಿಯಾದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟು. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವ ವಾಹನ, 40ರಲ್ಲಿ ಮಳೆಗಾಲದ ಒದ್ದೆ ಡಾಂಬರಿನ ಮೇಲೆ ಜಾರಿದರೆ ಅಚ್ಚರಿಯಿಲ್ಲ.

ಹಿಡಿತದ ಈ ಕೊರತೆ ತುಂಬಲು ಎಂಜಿನಿಯರುಗಳು ತಿರುವಿನ ಹೊರ ಅಂಚನ್ನು ಎತ್ತರಿಸಿದರು. ಭಾರತದಲ್ಲಿ ಹಿಮ ಬೀಳದ ಗುಡ್ಡಗಾಡಿನ ರಸ್ತೆಗೆ ಈ ಓರೆ ಶೇ. 10ರವರೆಗೆ ಇರಬಹುದು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು. ಭಾರತದಲ್ಲಿ 125 ಸಿಸಿ ಮೀರಿದ ಹೊಸ ಮಾದರಿಯ ಬೈಕುಗಳಿಗೆ ಕಡ್ಡಾಯವಾದದ್ದು 2018ರಲ್ಲಿ. ಕಚ್ಚಿಕೊಂಡ ಮುಂಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಎಬಿಎಸ್‌ನ ದೊಡ್ಡ ಉಪಕಾರ ಬ್ರೇಕ್ ಒತ್ತಿಯೂ ತಿರುಗಿಸಲು ಬಿಡುವುದು. ಆದರೆ ಇಲ್ಲದ ಹಿಡಿತವನ್ನು ಅದೂ ಹುಟ್ಟಿಸಲಾರದು.

ಉದ್ದ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ತುಳಿದರೆ ಡ್ರಮ್ ಕಾದು ಹಿಡಿತ ಕುಂದುತ್ತದೆ. ಏರ್ ಬ್ರೇಕಿನ ಬಸ್ಸಿನಲ್ಲಿ ಪದೇಪದೇ ತುಳಿದರೆ ಗಾಳಿಯ ಒತ್ತಡವೂ ಇಳಿಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು ಎಂಜಿನ್ನಿನ ತಡೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ; ಅದು ಉಳಿತಾಯವಲ್ಲ, ಜೂಜು. ಬ್ರೇಕ್ ಕೈಕೊಟ್ಟರೆ ಒಂದೊಂದೇ ಗೇರ್ ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ಹದವಾಗಿ ಎಳೆಯುತ್ತ, ತಗ್ಗಿನ ಬದಿ ಬಿಟ್ಟು ಬರೆಯ ಬದಿಗೆ ಒರಗಿಸುವುದೇ ಕೊನೆಯ ದಾರಿ. ಟೈರ್ ಒಡೆದರೆ ಸ್ಟೇರಿಂಗನ್ನು ಗಟ್ಟಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆಯಬೇಕು, ಬ್ರೇಕಿಗೆ ಹಾರಬಾರದು.

ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ದೇಶದ ಸಂಚಾರ ನಿಯಮ. ಹಾಗೆ ನಿಂತು ದಾರಿ ಬಿಡಲು, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದಿರಬೇಕು.