ಕಾರಿನ ಮೈಮೇಲೆ ಜೇಡರ ಬಲೆ

(ದ್ವಿತೀಯ ಬಿ. ಎ. ವಿದ್ಯಾರ್ಥಿ)

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾರಿನ ಬಣ್ಣದ ಮಾತೇಕೆ ಎಂದು ಸಹಪಾಠಿಗಳು ಹುಬ್ಬೇರಿಸಬಹುದು. ಕವಿತೆಗೂ ವಿಮರ್ಶೆಗೂ ಸಮರ್ಥರಾದವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಬಲ್ಲುದು ಇದೊಂದು. ಅದೂ ನಷ್ಟಪಟ್ಟು ಕಲಿತುದು. ಆದುದರಿಂದ ವಾಚಕರು ಮನ್ನಿಸಿ ಓದಬೇಕು.

ನಮ್ಮ ಚಿಕ್ಕಪ್ಪನವರು ಕಡುನೀಲಿ ಬಣ್ಣದ ಹಳೆಯ ಕಾರೊಂದನ್ನು ಕೊಂಡಿದ್ದರು. ಬೆಳಗಾದೊಡನೆ ಅದರ ಮೇಲಿನ ಧೂಳನ್ನು ಚಿಕ್ಕಮ್ಮನ ಹಳೆಯ ಸೀರೆಯ ತುಂಡಿನಿಂದ ಗಸಗಸನೆ ಒರೆಸುವುದು ನನ್ನ ನಿತ್ಯವಿಧಿ. ಮೂರು ವರ್ಷ ಹೀಗೆ ನಡೆಯಿತು. ಹೋದ ವರ್ಷ ತಂಗಿಯನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ಹಣ ಬೇಕಾಗಿ ಕಾರನ್ನು ಮಾರಲು ನಿಶ್ಚಯವಾಯಿತು. ನೋಡಲು ಬಂದಾತ ಮುಸ್ಸಂಜೆಯಲ್ಲಿ ಮೊಬೈಲಿನ ದೀಪವನ್ನು ಬಾನೆಟ್ಟಿಗೆ ಹಿಡಿದು, “ಇದೇನ್ ಸ್ವಾಮಿ, ಮೈತುಂಬ ಜೇಡರ ಬಲೆ ಕಟ್ಟಿದಂಗೈತೆ!” ಎಂದ, ಬೆಲೆಯಲ್ಲಿ ಹದಿನೈದು ಸಾವಿರ ಇಳಿಸಿದ. ಚಿಕ್ಕಪ್ಪ ನನ್ನ ಕೈಯಲ್ಲಿದ್ದ ಬಟ್ಟೆಯನ್ನೊಮ್ಮೆ ನೋಡಿದರು, ಮಾತಾಡಲಿಲ್ಲ.

ಈ ಬಲೆ ಎಲ್ಲಿಂದ ಬಂದಿತು? ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಅಸ್ತರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತವೆ. ಹೊಳಪೆಲ್ಲ ಈ ಕೊನೆಯ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ ೪೦ರಿಂದ ೫೦ ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ಇನ್ನು ಧೂಳಿನ ವಿಚಾರ. ನಮ್ಮ ಚಿತ್ರದುರ್ಗದ ಬೆಟ್ಟಗಳು ಗ್ರಾನೈಟ್ ಶಿಲೆಯವು. ಆ ಶಿಲೆ ಸವೆದು ಆದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ೧೮೧೨ರಲ್ಲಿ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞನು ರಚಿಸಿದ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ ೭ನೆಯ ಸ್ಥಾನ. ಉಕ್ಕಿನ ಚಾಕುವಿಗೇ ಸುಮಾರು ಐದೂವರೆ. ಇಂತಹ ಕಣಗಳನ್ನು ಒಣಬಟ್ಟೆಯಡಿ ಇಟ್ಟು ಉಜ್ಜಿದರೆ ಪ್ಲಾಸ್ಟಿಕ್ಕಿನಂತಹ ಮೆತ್ತನೆಯ ಆ ಪದರ ಏನಾದೀತು? ನಾನು ಒರೆಸಿದ್ದೇನೆಂದು ತಿಳಿದಿದ್ದೆ, ಗೀರಿದ್ದೆ.

ಗೀರುಗಳು ಎಲ್ಲ ದಿಕ್ಕಿಗೂ ಇದ್ದರೂ ಚಂದ್ರನಿಗೆ ಕಣ ಕಟ್ಟಿದಂತೆ ದುಂಡಗೆ ಕಾಣುವುದೊಂದು ವಿಸ್ಮಯ. ಪ್ರತಿಯೊಂದು ಗೀರೂ ಬೆಳಕನ್ನು ತನಗೆ ಅಡ್ಡಲಾಗಿಯೇ ಚದುರಿಸುತ್ತದೆ. ಆದ್ದರಿಂದ ದೀಪದ ಪ್ರತಿಬಿಂಬದ ಸುತ್ತ ಬಳೆಯಂತೆ ಬಾಗಿ ನಿಂತ ಗೀರುಗಳು ಮಾತ್ರ ನಮ್ಮ ಕಣ್ಣಿಗೆ ಮಿನುಗುತ್ತವೆ, ಉಳಿದವು ಮರೆಯಾಗುತ್ತವೆ. ತಲೆ ಸರಿಸಿದರೆ ಬಲೆಯೂ ಸರಿಯುತ್ತದೆ. ತಿಕ್ಕಿ ತಿಕ್ಕಿ ಹಳೆಯದಾದ ಸ್ಟೀಲ್ ತಟ್ಟೆಯನ್ನು ದೀಪಕ್ಕೆ ಹಿಡಿದರೆ ಇದೇ ತೋರುತ್ತದೆ.

ಚಿಕ್ಕಪ್ಪನವರ ಪರಿಚಯದ ಮೇಸ್ತ್ರಿಯೊಬ್ಬರು ಕಾರನ್ನು ನೋಡಿ, ಮೊದಲು ಗೀರಿನ ಮೇಲೆ ಉಗುರು ಎಳೆದರು. “ಉಗುರು ಸಿಕ್ಕಿಕೊಂಡ್ರೆ ಪಾಲಿಶಿಗೆ ಹೋಗಲ್ಲ ತಮ್ಮಾ. ಇದು ಸಿಕ್ಕಲ್ಲ, ಹೋಗುತ್ತೆ” ಎಂದರು. ಗೀರನ್ನು ತೆಗೆಯುವುದೆಂದರೆ ಗೀರನ್ನು ಅಳಿಸುವುದಲ್ಲ. ಅದರ ಸುತ್ತಲಿನ ಪದರವನ್ನೇ ಗೀರಿನ ತಳದವರೆಗೆ ಸವೆಸಿ ಸಮಮಾಡುವುದು. ಪ್ರತಿ ಸಲವೂ ಕೆಲವು ಮೈಕ್ರಾನ್ ಖರ್ಚು. ಆದುದರಿಂದ ಈ ಚಿಕಿತ್ಸೆಯನ್ನು ಮನಬಂದಷ್ಟು ಸಲ ಮಾಡುವಂತಿಲ್ಲ.

ಕ್ರಮವಿದು. ನೆರಳಿನಲ್ಲಿ ನಿಲ್ಲಿಸಿ, ಶಾಂಪೂ ನೀರಿನಿಂದ ತೊಳೆಯಬೇಕು. ಅಂಟಿ ಕುಳಿತ ಕೊಳೆಯನ್ನು ಸೋಪಿನ ನೀರು ಚಿಮುಕಿಸಿ, ಕ್ಲೇ ಬಾರ್ ಎಂಬ ಮೆತ್ತನೆಯ ಉಂಡೆಯಿಂದ ನೇವರಿಸಿ ತೆಗೆಯಬೇಕು. ಪದರ ತೆಳುವಾಗಿರುವ ಅಂಚು ಏಣುಗಳಿಗೂ ಪ್ಲಾಸ್ಟಿಕ್ ಭಾಗಗಳಿಗೂ ಟೇಪು ಅಂಟಿಸಬೇಕು. ಬಳಿಕ ತಿರುಗುತ್ತಲೇ ಓಲಾಡುವ ಪಾಲಿಶ್ ಯಂತ್ರಕ್ಕೆ ಸ್ಪಂಜಿನ ಬಿಲ್ಲೆ ತೊಡಿಸಿ, ಸ್ವಲ್ಪವೇ ಪಾಲಿಶ್ ಹಚ್ಚಿ, ಒಂದೆರಡಡಿ ಜಾಗದಲ್ಲಿ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಿಧಾನವಾಗಿ ನಡೆಸಬೇಕು. ಮೊದಲು ನಯವಾದ ಪಾಲಿಶನ್ನೇ ಪರೀಕ್ಷಿಸಿ, ಅದು ಸಾಲದಿದ್ದರೆ ಮಾತ್ರ ಒರಟು ಕಾಂಪೌಂಡ್ ಹಿಡಿದು, ಕೊನೆಗೆ ಮತ್ತೆ ನಯದಿಂದ ಮುಗಿಸಬೇಕು. ಪಾಲಿಶಿನ ಎಣ್ಣೆ ಗೀರಿನಲ್ಲಿ ತುಂಬಿಕೊಂಡು ಕಣ್ಣಿಗೆ ಮೋಸ ಮಾಡುವುದುಂಟು. ನೀರು ಬೆರೆಸಿದ ಆಲ್ಕೊಹಾಲಿನಿಂದ ಒರೆಸಿ, ದೀಪ ಹಿಡಿದರೆ ನಿಜ ತಿಳಿಯುತ್ತದೆ. ಕಡೆಯಲ್ಲಿ ರಕ್ಷಣೆಗೆ ಮೇಣ.

ಬಾನೆಟ್ಟಿನ ಅರ್ಧಭಾಗ ಕನ್ನಡಿಯಾದಾಗ ಮೇಸ್ತ್ರಿ ಚಹಾ ಕುಡಿಯಲು ಹೋದರು. ನಾನು ಉತ್ಸಾಹದಿಂದ ಯಂತ್ರವನ್ನೆತ್ತಿಕೊಂಡೆ. ಏಣಿನ ಬಳಿ ಕೊಂಚ ಮಂಕಾಗಿದ್ದಂತೆ ತೋರಿ, ಟೇಪನ್ನು ಕಿತ್ತು ಅಲ್ಲೇ ಒತ್ತಿ ಹಿಡಿದೆ. ಬಿಲ್ಲೆ ತಿರುಗಿಸಿ ನೋಡುತ್ತೇನೆ, ನೀಲಿ ಹತ್ತಿದೆ! ಪಾರದರ್ಶಕ ಪದರ ಮುಗಿದು ಬಣ್ಣವೇ ಕಿತ್ತುಬರುತ್ತಿತ್ತು. ರೂಪಾಯಿಯಗಲ ಜಾಗ ಮಾಸಿಹೋಯಿತು. ಅದಕ್ಕೆ ಪಾಲಿಶಿನಲ್ಲಿ ಮದ್ದಿಲ್ಲ. ಮತ್ತೆ ಬಣ್ಣ ಹೊಡೆಯುವುದೊಂದೇ ದಾರಿ.

ಪಕ್ಕದ ಅಂಗಡಿಯವನು, “ಗೀರು ಮುಚ್ಚುವ ಮೇಣ ಐತೆ ಸಾರ್, ಎಲ್ಲದಕ್ಕೂ ಹಚ್ಚಿ ಮಾರಿಬಿಡಿ. ನಾಕು ತೊಳೆತ ಆಗೋವರೆಗೂ ಕಾಣಲ್ಲ” ಎಂದ. ಚಿಕ್ಕಪ್ಪ ಒಪ್ಪಲಿಲ್ಲ. ಕೊಳ್ಳುವವ ಮತ್ತೆ ಬಂದಾಗ ತಾವೇ ದೀಪ ಹಿಡಿದು, “ಬಲೆ ಹೋಗಿದೆ, ಇಲ್ಲಿ ಮಾತ್ರ ನಮ್ಮ ಹುಡುಗ ಸುಟ್ಟಿದ್ದಾನೆ” ಎಂದು ತೋರಿಸಿದರು. ಆತ ಇಳಿಸಿದ್ದರಲ್ಲಿ ಹತ್ತು ಸಾವಿರ ಏರಿಸಿ, ಆ ಕಲೆಯ ಲೆಕ್ಕಕ್ಕೆ ಐದು ಸಾವಿರ ಹಿಡಿದುಕೊಂಡ. ತಂಗಿ ಕಾಲೇಜಿಗೆ ಸೇರಿದಳು. ಆ ಐದು ಸಾವಿರವನ್ನು ನಾನು ಭಾನುವಾರಗಳಂದು ಮೇಸ್ತ್ರಿಯ ಬಳಿ ದುಡಿದು ತೀರಿಸುತ್ತಿದ್ದೇನೆ.

ಕಾರಿರುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಧೂಳಿನ ಕಾರನ್ನು ಒಣಬಟ್ಟೆಯಿಂದ ಒರೆಸಬೇಡಿ, ಒರೆಸಗೊಡಲೂಬೇಡಿ. ಮೊದಲು ಧಾರಾಳವಾಗಿ ನೀರು ಹೊಯ್ದು ಧೂಳನ್ನು ಇಳಿಸಿ. ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲೊಂದು, ಹೀಗೆ ಎರಡು ಬಕೆಟ್ ಇಡಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಬೇಡಿ. ಅಷ್ಟಕ್ಕೂ ನೀರಿಲ್ಲದ ದಿನ ಕಾರು ಧೂಳಿನಲ್ಲೇ ಇರಲಿ. ಧೂಳು ನಾಳೆ ತೊಳೆದರೂ ಹೋಗುತ್ತದೆ, ಗೀರು ಹೋಗುವುದಿಲ್ಲ.