ವೈಸರ್ ಅಂಟಿಸುವ ಮುನ್ನ

ಮಳೆಗಾಲ ಹತ್ತಿರ ಬಂದರೆ ಸಾಕು, ಕಾರಿಗೆ ಡೋರ್ ವೈಸರ್, ಸೈಡ್ ಬೀಡಿಂಗ್ ಹಾಕಿಸುವ ಗಡಿಬಿಡಿ ಶುರು. ಟೇಪಿನ ಕಾಗದ ಕಿತ್ತು ಒತ್ತಿದರೆ ಆಯ್ತು ಅಂತ ಹೆಚ್ಚಿನವರ ಲೆಕ್ಕ. ಆದರೆ ಹೈವೇಯಲ್ಲಿ ವೈಸರ್ ಕಿತ್ತು ಹಾರಿದರೆ ಅದು ಬಡಿಯುವುದು ಹಿಂದೆ ಬರುವ ಬೈಕಿನವನಿಗೆ.

ಟೇಪ್ ಕೈಕೊಡಲು ದೊಡ್ಡ ಕಾರಣ ಪೇಂಟಿನ ಮೇಲಿನ ವ್ಯಾಕ್ಸ್. ಹೊಸ ಕಾರು ಫಳಫಳ ಹೊಳೆಯುತ್ತದೆ ನಿಜ, ಆ ಪಾಲಿಶ್ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ. ಶಾಂಪೂವಿನಲ್ಲಿ ತೊಳೆದರೆ ಸಾಲದು. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬೇಕು, ಪೂರ್ತಿ ಒಣಗಬೇಕು. ನಮ್ಮ ಕರಾವಳಿಯ ತೇವದ ಗಾಳಿಗೆ, ಒಣಗಿದ ಮೇಲೂ ಸ್ವಲ್ಪ ಹೇರ್ ಡ್ರೈಯರ್ ಹಿಡಿದರೆ ಒಳ್ಳೆಯದು. ಜಾಗವನ್ನು ಮಾಸ್ಕಿಂಗ್ ಟೇಪಿನಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಒಮ್ಮೆ ಅಂಟಿದ್ದನ್ನು ಎಬ್ಬಿಸಿ ಪುನಃ ಕೂರಿಸಿದರೆ ಹಿಡಿತ ಹೋಯ್ತು.

ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ಸಹ 20 ನಿಮಿಷದಲ್ಲಿ ಪಡೆಯುವುದು ಸುಮಾರು ಅರ್ಧ ಬಲ. ಪೂರ್ತಿ ಹಿಡಿಯಲು 72 ಗಂಟೆ ಬೇಕು. ಮದುವೆಗೆ ಕಾರು ಚಂದ ಕಾಣಬೇಕಾದರೆ ಮೂರು ದಿನ ಮೊದಲೇ ಹಾಕಿಸಿ, ಅಷ್ಟರವರೆಗೆ ವಾಟರ್ ಸರ್ವಿಸ್ ಬೇಡ.

ಹಳೆಯದನ್ನು ತೆಗೆಯಲು ಸ್ಕ್ರೂಡ್ರೈವರ್ ಹಾಕಬೇಡಿ ಮಾರಾಯ್ರೆ. ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ಹಿಂದಿನಿಂದ ಗರಗಸದ ಹಾಗೆ ಎಳೆಯಿರಿ, ಪೇಂಟ್ ಉಳಿಯುತ್ತದೆ.